ವಾಪಸ್ ಬಂದ ಬುತ್ತಿಯ ಲೆಕ್ಕ

ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ಪಂಚಾಂಗದ ಪಕ್ಕ, ಒಂದು ಉದ್ದನೆಯ ನೋಟ್ ಬುಕ್ ಇದೆ. ರಟ್ಟು ಕಿತ್ತು ಬಂದು ಎರಡು ಸಲ ಅಂಟಿಸಿದ್ದೇನೆ. 2012ರಲ್ಲಿ ಶುರು ಮಾಡಿದ್ದು. ಮನೆಯವರೆಲ್ಲ ಸೇರಿ ಒಂದು ದಿನಕ್ಕೆ ಎಲ್ಲಿಗಾದರೂ ಹೊರಟರೆ, ಏನೇನು ಕಟ್ಟಿಕೊಂಡೆವು ಅಂತ ಎಡಗಡೆ ಹಾಳೆಯಲ್ಲಿ ಬರೆಯುತ್ತೇನೆ. ಬಲಗಡೆ ಹಾಳೆ ಖಾಲಿ ಬಿಡುತ್ತೇನೆ. ವಾಪಸ್ ಬಂದ ರಾತ್ರಿ ಚೀಲ ಬಿಚ್ಚುವಾಗ ಅದನ್ನು ತುಂಬುತ್ತೇನೆ. ಯಾವುದು ಮುಟ್ಟದೆ ವಾಪಸ್ ಬಂತು, ಯಾವುದು ಸಾಲದೆ ಹೋಯಿತು, ಏನು ಇದ್ದಿದ್ದರೆ ಚೆನ್ನಾಗಿತ್ತು.

ಪಿಕ್‌ನಿಕ್‌ಗೆ ಏನು ತಗೊಂಡು ಹೋಗಬೇಕು ಅಂತ ಕೇಳಿದರೆ ಯಾರು ಬೇಕಾದರೂ ಪಟ್ಟಿ ಕೊಡುತ್ತಾರೆ. ಜಮಖಾನ, ನೀರು, ತಟ್ಟೆ, ಲೋಟ, ಚಾಕು. ಆದರೆ ಆ ಪಟ್ಟಿಗೆ ನಮ್ಮ ಮಾವನ ಸಕ್ಕರೆ ಕಾಯಿಲೆ ಗೊತ್ತಿಲ್ಲ, ಅತ್ತೆಯ ಮಂಡಿ ನೋವು ಗೊತ್ತಿಲ್ಲ. ನನಗೆ ಕಟ್ಟುವುದನ್ನು ಕಲಿಸಿದ್ದು ಬಲಗಡೆ ಹಾಳೆ.

ಈ ಸಲ ಸಂಕ್ರಾಂತಿ ಕಳೆದ ಮೊದಲ ಭಾನುವಾರ ಹೊರಟೆವು. ಬೆಂಗಳೂರಿನಿಂದ ಮೈದುನ, ಓರಗಿತ್ತಿ, ಅವರ ಹತ್ತು ತಿಂಗಳ ಮಗು ಬಂದಿದ್ದರು. ಶಿವಮೊಗ್ಗದಿಂದ ನಾದಿನಿ, ಅವಳ ಯಜಮಾನರು, ಏಳು ವರ್ಷದ ಮಗ. ಇಲ್ಲಿ ಮೈಸೂರಿನಲ್ಲಿ ಅತ್ತೆ, ಮಾವ, ನಾವಿಬ್ಬರು, ನಮ್ಮ ಇಬ್ಬರು ಮಕ್ಕಳು. ಒಟ್ಟು ಹನ್ನೆರಡು ಜನ. ಡ್ರೈವರ್ ಸೇರಿ ಹದಿಮೂರು. ಡ್ರೈವರನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು. ಎಲ್ಲರೂ ಬಡಿಸಿಕೊಂಡ ಮೇಲೆ "ಅವರಿಗೂ ಒಂದು ತಟ್ಟೆ ಕೊಡಿ" ಅಂತ ಕೂಗುವುದು ನನಗೆ ಸರಿ ಕಾಣುವುದಿಲ್ಲ. ಅಕ್ಕಿ ಅಳೆಯುವಾಗಲೇ ಅವರ ಹಿಡಿಯೂ ಪಾತ್ರೆಗೆ ಬೀಳಬೇಕು.

ಎಲ್ಲಿಗೆ ಅನ್ನುವ ಮಾತು ವಾಟ್ಸಾಪ್‌ನಲ್ಲಿ ಹತ್ತು ದಿನ ನಡೆಯಿತು. ಮೈದುನನಿಗೆ ಬಂಡೀಪುರ ಮನಸ್ಸಿನಲ್ಲಿತ್ತು. ನಾನು ಬೇಡ ಅಂದೆ. ಮಗು ಇದೆ, ಅತ್ತೆಗೆ ಒಂದೇ ಭಂಗಿಯಲ್ಲಿ ಜಾಸ್ತಿ ಹೊತ್ತು ಕೂತರೆ ಕಾಲು ಹಿಡಿದುಕೊಳ್ಳುತ್ತದೆ. ಒಂದು ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬಾರದು ಅನ್ನುವುದು ನಮ್ಮ ಮನೆಯ ಲೆಕ್ಕ. ಕೊನೆಗೆ ಸೋಮನಾಥಪುರ ಮತ್ತು ತಲಕಾಡು ಅಂತ ಗಟ್ಟಿ ಆಯಿತು. ಮೈಸೂರಿನಿಂದ ಬನ್ನೂರು ಮೇಲೆ ಸೋಮನಾಥಪುರಕ್ಕೆ ಸುಮಾರು 35 ಕಿ.ಮೀ. ಅಲ್ಲಿ ಇಳಿದು ಕಾಲು ಬಿಡಿಸಿಕೊಂಡು, ನರಸೀಪುರದ ಕಡೆಯಿಂದ ತಲಕಾಡು.

ಜಾಗ ಗೊತ್ತಾದ ಮೇಲೆ ಹಳೇ ಹಾಳೆಗಳನ್ನು ತಿರುವಿ ಹಾಕಿದೆ. 2019ರಲ್ಲಿ ಇಷ್ಟೇ ಜನಕ್ಕೆ ಒಂದೂವರೆ ಕೆ.ಜಿ. ಅಕ್ಕಿಯ ಪುಳಿಯೋಗರೆ, ಒಂದು ಕೆ.ಜಿ. ಅಕ್ಕಿಯ ಮೊಸರನ್ನ ಮಾಡಿದ್ದೆ. ಬಲಗಡೆ ಹಾಳೆಯಲ್ಲಿ "ಮೂರನೇ ಒಂದು ಭಾಗ ವಾಪಸ್. ರಾತ್ರಿ ಯಾರೂ ಮುಟ್ಟಲಿಲ್ಲ" ಅಂತ ಇದೆ. ಹೊರಗೆ ಹೋದರೆ ಹಸಿವು ಜಾಸ್ತಿ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹಾಗಾಗುವುದಿಲ್ಲ. ದಾರಿಯುದ್ದಕ್ಕೂ ಕೋಡುಬಳೆ, ಕಡಲೆಕಾಯಿ ಬಾಯಾಡಿಸಿಕೊಂಡೇ ಬರುತ್ತೇವಲ್ಲ. ಹಾಗಾಗಿ ಈ ಸಲ ಪುಳಿಯೋಗರೆಗೆ ಮುಕ್ಕಾಲು ಕೆ.ಜಿ., ಮೊಸರನ್ನಕ್ಕೆ ಅರ್ಧ ಕೆ.ಜಿ. ಅಕ್ಕಿ ಅಳೆದೆ. ಜೊತೆಗೆ ಮೂವತ್ತು ಚಪಾತಿ, ಹುರಿಗಡಲೆ ಚಟ್ನಿಪುಡಿ, ತುಪ್ಪ. ಕಾಯಿಚಟ್ನಿಯನ್ನು ನಾನು ಒಯ್ಯುವುದೇ ಇಲ್ಲ. ಬೆಳಗ್ಗೆ ರುಬ್ಬಿದ ಹಸಿ ತೆಂಗಿನಕಾಯಿ ವ್ಯಾನಿನ ಶೆಕೆಗೆ ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ ಬಂದುಬಿಡುತ್ತದೆ.

ಪುಳಿಯೋಗರೆ ನಮ್ಮ ಹಿರಿಯರು ಪ್ರಯಾಣಕ್ಕೆ ಕಟ್ಟುತ್ತಿದ್ದದ್ದು ಸುಮ್ನೆ ಅಲ್ಲ. ಹುಣಸೆಹುಳಿ, ಎಣ್ಣೆ, ಉಪ್ಪು ಮೂರೂ ಸೇರಿದರೆ ಅನ್ನ ಬೇಗ ಹಳಸುವುದಿಲ್ಲ. ಗೊಜ್ಜನ್ನು ಶುಕ್ರವಾರ ರಾತ್ರಿಯೇ ಕುದಿಸಿಟ್ಟೆ. ಅದಕ್ಕೆ ಹಸಿ ಕಾಯಿ ಹಾಕುವುದಿಲ್ಲ, ಒಣ ಕೊಬ್ಬರಿ, ಹುರಿದ ಕರಿಎಳ್ಳಿನ ಪುಡಿ. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಅನ್ನ ಉದುರು ಉದುರಾಗಿ ಮಾಡಿ, ದೊಡ್ಡ ಪರಾತದಲ್ಲಿ ಹರಡಿ, ಎಳ್ಳೆಣ್ಣೆ ಹಾಕಿ ಆರಲು ಬಿಟ್ಟೆ. ಇಲ್ಲಿ ಅವಸರ ಮಾಡಬಾರದು. ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರೆ ಆವಿ ಮುಚ್ಚಳಕ್ಕೆ ಬಡಿದು ನೀರಾಗಿ ಅನ್ನದ ಮೇಲೇ ತೊಟ್ಟಿಕ್ಕುತ್ತದೆ. ಎಷ್ಟೋ ಬುತ್ತಿ ಕೆಡುವುದು ಆ ನೀರಿನಿಂದ. ಕೈಯಿಟ್ಟರೆ ಪೂರ್ತಿ ತಣ್ಣಗಿರಬೇಕು, ಆಮೇಲೆ ಮುಚ್ಚಳ. ಡಬ್ಬಿ ಸ್ಟೀಲಿನದೇ ಆಗಬೇಕು. ಹುಳಿಗೂ ಅಲ್ಯೂಮಿನಿಯಮ್‌ಗೂ ಆಗುವುದಿಲ್ಲ.

ಮೊಸರನ್ನದ ಗುಟ್ಟು ಅತ್ತೆ ಹೇಳಿಕೊಟ್ಟದ್ದು. ಬೆಳಗ್ಗೆಯೇ ಮೊಸರು ಕಲಸಿದರೆ ಮಧ್ಯಾಹ್ನ ಹಲ್ಲು ಜುಮ್ಮೆನ್ನುವಷ್ಟು ಹುಳಿ ಬರುತ್ತದೆ. ಅದಕ್ಕೆ ಅನ್ನವನ್ನು ಮೆತ್ತಗೆ ಮಾಡಿ, ಬಿಸಿಯಲ್ಲೇ ಮಸೆದು, ಕಾಯಿಸಿದ ಹಾಲು ಸುರಿಯಬೇಕು. ಗಟ್ಟಿಯಾಯಿತು ಅನ್ನಿಸಿದರೆ ಇನ್ನಷ್ಟು ಹಾಲು. ಉಗುರು ಬೆಚ್ಚಗಾದ ಮೇಲೆ ಎರಡೇ ಚಮಚ ಮೊಸರು. ದಾರಿಯಲ್ಲಿ ಅದು ತಾನಾಗಿಯೇ ಹೆಪ್ಪಾಗುತ್ತದೆ. ಒಂದು ಗಂಟೆಗೆ ಮುಚ್ಚಳ ತೆಗೆದರೆ ಹೊಸ ಮೊಸರಿನ ಘಮ. ಒಗ್ಗರಣೆ, ಹೆಚ್ಚಿದ ಶುಂಠಿ, ದಾಳಿಂಬೆ ಕಾಳು ಬೇರೆ ಡಬ್ಬಿಯಲ್ಲಿ. ಕೋಸಂಬರಿಗೂ ಹೀಗೇ. ನೆನೆದ ಹೆಸರುಬೇಳೆ, ತುರಿದ ಕ್ಯಾರೆಟ್ಟು ಒಂದು ಕಡೆ, ಉಪ್ಪು ಇನ್ನೊಂದು ಪೊಟ್ಟಣದಲ್ಲಿ. ಮನೆಯಲ್ಲೇ ಉಪ್ಪು ಹಾಕಿದರೆ ನೀರು ಬಿಟ್ಟುಕೊಳ್ಳುತ್ತದೆ.

ಬೆಳಗಿನ ತಿಂಡಿಗೆ ಅವರೆಕಾಳು ಉಪ್ಪಿಟ್ಟು. ಜನವರಿಯಲ್ಲಿ ಬೇರೆ ತಿಂಡಿಯ ಯೋಚನೆ ಯಾಕೆ, ಅಲ್ವಾ? ಅವರೆಕಾಯಿ ಬಿಡಿಸುವ ಕೆಲಸ ಶನಿವಾರ ಸಂಜೆ ಮಕ್ಕಳು, ಮಾವ ಎಲ್ಲ ಸೇರಿ ಜಗಲಿಯಲ್ಲಿ ಕೂತು ಮುಗಿಸಿದರು. ಹಬ್ಬದಲ್ಲಿ ಉಳಿದ ಎಳ್ಳುಬೆಲ್ಲ, ಸಕ್ಕರೆ ಅಚ್ಚನ್ನು ನಾದಿನಿ ಸಣ್ಣ ಡಬ್ಬಿಗೆ ಹಾಕಿದಳು.

ಈಗ ನನಗೆ ಮುಖ್ಯವಾದ ಎರಡು ಪುಟಗಳ ಮಾತು ಹೇಳಬೇಕು.

ಒಂದು 2018ರದ್ದು. ಶಿವನಸಮುದ್ರ. ಗಗನಚುಕ್ಕಿ ನೋಡಿ, ಭರಚುಕ್ಕಿ ನೋಡಿ, ಇನ್ನೊಂದು ಫೋಟೋ, ಇನ್ನೊಂದು ಫೋಟೋ ಅಂತ ಊಟಕ್ಕೆ ಕೂರುವಾಗ ಮೂರು ಗಂಟೆ. ಮಾವ ಮಾತಿಲ್ಲದೆ ಒಂದು ಕಲ್ಲಿನ ಮೇಲೆ ಕೂತಿದ್ದರು. ಹತ್ತಿರ ಹೋಗಿ ನೋಡಿದರೆ ಅಂಗಿ ಬೆವರಿನಿಂದ ತೊಯ್ದಿದೆ, ಕೈ ನಡುಗುತ್ತಿದೆ. ಮಾತ್ರೆ ತಗೊಂಡಿದ್ದಾರೆ, ಹೊಟ್ಟೆಗೆ ಏನೂ ಬಿದ್ದಿಲ್ಲ, ಸಕ್ಕರೆ ಇಳಿದುಹೋಗಿದೆ. ಸಿಹಿ ತಿಂಡಿಯ ಡಬ್ಬಿ ವ್ಯಾನಿನ ಹಿಂದೆ, ಎಲ್ಲ ಚೀಲಗಳ ಕೆಳಗೆ. ಇವರು, ನನ್ನ ಯಜಮಾನರು, ಓಡಿ ಹೋಗಿ ತರುವಷ್ಟರಲ್ಲಿ, ಪಕ್ಕದಲ್ಲಿ ಕೂತಿದ್ದ ಬೇರೆ ಮನೆಯವರು ತಮ್ಮ ಮಗುವಿನ ಹಣ್ಣಿನ ರಸದ ಪೊಟ್ಟಣ ಕೊಟ್ಟರು. ಹತ್ತು ನಿಮಿಷಕ್ಕೆ ಮಾವ ಸುಧಾರಿಸಿಕೊಂಡರು. "ಏನಿಲ್ಲಮ್ಮ, ಬಿಸಿಲು" ಅಂದರು. ಆ ರಾತ್ರಿ ಬಲಗಡೆ ಹಾಳೆಯಲ್ಲಿ ಬರೆದೆ: "ಊಟ 1 ಗಂಟೆಗೆ. ಏನೇ ಆಗಲಿ." ಅಂದಿನಿಂದ ಮಾವನ ಅಂಗಿ ಜೇಬಿನಲ್ಲಿ ಕಲ್ಲುಸಕ್ಕರೆ ಪೊಟ್ಟಣ ಇರುತ್ತದೆ, ನನ್ನ ಕೈಚೀಲದಲ್ಲಿ ಇನ್ನೊಂದು. ಮಾತ್ರೆಗಳು ನಮ್ಮ ಮೈಮೇಲೇ ಇರಬೇಕು. ಡಿಕ್ಕಿಯಲ್ಲಿಟ್ಟ ಔಷಧಿ ಮನೆಯಲ್ಲಿ ಬಿಟ್ಟುಬಂದ ಹಾಗೇ.

ಇನ್ನೊಂದು ಪುಟ ಅದಕ್ಕೂ ಎರಡು ವರ್ಷ ಹಿಂದಿನದು. ರಂಗನತಿಟ್ಟು ನೋಡಿಕೊಂಡು ಬರುವಾಗ ದಾರಿಯ ತೋಪಿನಲ್ಲಿ ಊಟಕ್ಕೆ ನಿಲ್ಲಿಸಿದ್ದೆವು. ಜಮಖಾನ ಹಾಸಿ ಎಲ್ಲರೂ ಕೂತೆವು. ಅತ್ತೆ "ನನಗೆ ಇಲ್ಲೇ ಕೊಟ್ಟುಬಿಡಿ, ಇಳಿಯೋಕೆ ಬೇಜಾರು" ಅಂದರು. ವ್ಯಾನಿನ ಸೀಟಿನಲ್ಲೇ, ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡು, ಒಬ್ಬರೇ ಊಟ ಮಾಡಿದರು. ನಾವು ಕೆಳಗೆ ನಗುತ್ತಾ ತಿನ್ನುತ್ತಿದ್ದೆವು. ಅವರಿಗೆ ಬೇಜಾರೇನೂ ಇರಲಿಲ್ಲ. ನೆಲಕ್ಕೆ ಕೂತರೆ ಏಳಲು ಆಗುವುದಿಲ್ಲ, ಎಬ್ಬಿಸಿ ಅಂತ ಎಲ್ಲರೆದುರು ಕೇಳಲು ಸಂಕೋಚ. ಅದು ನನಗೆ ಹೊಳೆದದ್ದು ರಾತ್ರಿ ಪಾತ್ರೆ ತೊಳೆಯುವಾಗ. ಆ ಪುಟದಲ್ಲಿ ಎರಡೇ ಸಾಲು. "ಅತ್ತೆ ವ್ಯಾನಿನಲ್ಲೇ ಊಟ ಮಾಡಿದರು. ಕುರ್ಚಿ." ಮಾರನೇ ವಾರವೇ ಒಂದು ಮಡಚುವ ಕುರ್ಚಿ ತಂದೆವು. ಈಗ ನಮ್ಮ ಪಟ್ಟಿಯಲ್ಲಿ ಅನ್ನಕ್ಕಿಂತ ಮೊದಲು ಕುರ್ಚಿ ಬರೆಯುತ್ತೇನೆ.

ನೀರಿನ ಲೆಕ್ಕ ಸುಲಭ. ಕುಡಿಯಲು ತಲೆಗೆ ಎರಡು ಲೀಟರ್. ಇಪ್ಪತ್ತು ಲೀಟರಿನ ಒಂದು ಕ್ಯಾನ್, ಜೊತೆಗೆ ಎಲ್ಲರ ಬಾಟಲಿ. ಕೈ, ಪಾತ್ರೆ ತೊಳೆಯಲು ಬೇರೆ ನೀರು. ಖಾಲಿಯಾದ ಐದು ಲೀಟರಿನ ಎಣ್ಣೆ ಕ್ಯಾನ್ ಎರಡು ತೊಳೆದು ತುಂಬಿದೆ. ಕುಡಿಯುವ ನೀರಲ್ಲಿ ಕೈ ತೊಳೆದು ಸಂಜೆ ಬಾಯಾರಿ ಕೂತ ಅನುಭವವೂ ಆ ಪುಸ್ತಕದಲ್ಲಿದೆ. ಒಂದು ಸಣ್ಣ ಪೊಟ್ಟಣದಲ್ಲಿ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಅಳೆದು ಕಟ್ಟಿಡುತ್ತೇನೆ, ಟೀ ಚಮಚದ ಮಟ್ಟಸ ಅಳತೆ. ಯಾರಿಗಾದರೂ ವಾಂತಿ ಭೇದಿ ಆದರೆ ಒಂದು ಲೀಟರ್ ನೀರಿಗೆ ಅದನ್ನು ಕಲಸಿ ಗುಟುಕು ಗುಟುಕಾಗಿ ಕೊಡಬಹುದು. ಈವರೆಗೆ ಒಂದೇ ಸಲ ಬೇಕಾಗಿದೆ. ಆದರೂ ಕಟ್ಟುತ್ತೇನೆ.

ಎಲೆಗಾಗಿ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಮುತ್ತುಗದ ಎಲೆ ನನಗೆ ಇಷ್ಟ, ಅದರ ಮೇಲೆ ಬಿಸಿ ಅನ್ನ ಬಿದ್ದಾಗ ಬರುವ ವಾಸನೆ ಬೇರೆ ಯಾವುದಕ್ಕೂ ಇಲ್ಲ. ಆದರೆ ಹೊಳೆ ದಡದ ಗಾಳಿಗೆ ಅದು ಹಾರುತ್ತದೆ. ಬಲಗಡೆ ಹಾಳೆ ನೆನಪಾಗಿ ಅಡಿಕೆ ಹಾಳೆಯ ತಟ್ಟೆ ಇಪ್ಪತ್ತು ತಂದೆ. ತಲಕಾಡಿನಲ್ಲಿ ಮರಳು. ಅದಕ್ಕೆ ಕೆಳಗೆ ಟಾರ್ಪಾಲು, ಮೇಲೆ ಜಮಖಾನ.

ಚೀಲ ಜೋಡಿಸುವುದಕ್ಕೂ ಒಂದು ಕ್ರಮ ಇದೆ. ಯಾವುದು ಮೊದಲು ಬೇಕೋ ಅದು ಕೊನೆಗೆ ವ್ಯಾನ್ ಹತ್ತಬೇಕು. ಹಾಗಾಗಿ ಊಟದ ಡಬ್ಬಿಗಳು ಮೊದಲು ಹತ್ತಬೇಕು. ಅದರ ಮೇಲೆ ಟಾರ್ಪಾಲು, ಜಮಖಾನ. ಹಾಸದೆ ಊಟ ಬಿಚ್ಚುವ ಹಾಗಿಲ್ಲವಲ್ಲ. ತಿಂಡಿಯ ಚೀಲ ಬಾಗಿಲ ಹತ್ತಿರ. ಮಗುವಿನ ಚೀಲವನ್ನು ನಾನು ಮುಟ್ಟಲಿಲ್ಲ. "ಅಕ್ಕ, ನಾನೇ ಜೋಡಿಸ್ತೀನಿ, ಕತ್ತಲಲ್ಲೂ ಕೈಗೆ ಸಿಗಬೇಕು" ಅಂದಳು ಓರಗಿತ್ತಿ. ಅದು ಸರಿಯೇ. ತಾಯಿ ಜೋಡಿಸಿದ ಚೀಲದಲ್ಲಿ ತಾಯಿಯ ಕೈಗೆ ಮಾತ್ರ ದಾರಿ ಗೊತ್ತಿರುತ್ತದೆ. ಕೊನೆಗೆ ಎರಡು ಖಾಲಿ ಗೋಣಿಚೀಲ. ಹಸಿ ಕಸಕ್ಕೆ ಒಂದು, ಒಣ ಕಸಕ್ಕೆ ಒಂದು. ಹೊಳೆ ದಡದಲ್ಲಿ ಬೇರೆಯವರು ಬಿಟ್ಟುಹೋದ ಪ್ಲಾಸ್ಟಿಕ್ ಲೋಟದ ಪಕ್ಕ ಕೂತು ಉಣ್ಣುವ ಸಂಕಟ ನಮಗೆ ಗೊತ್ತು. ನಮ್ಮದು ನಮ್ಮ ಜೊತೆಯೇ ವಾಪಸ್ ಬರಬೇಕು.

ಏಳು ಗಂಟೆಗೆ ಬರಬೇಕಿದ್ದ ಟೆಂಪೊ ಟ್ರಾವೆಲರ್ ವ್ಯಾನ್ ಬಂದದ್ದು ಏಳು ನಲವತ್ತಕ್ಕೆ. ಕಾದು ಕಾದು ತಿಂಡಿಯ ಚೀಲವನ್ನು ಜಗಲಿಯಲ್ಲೇ ಬಿಚ್ಚಿದೆವು. ಮಂಜು ಇನ್ನೂ ಇತ್ತು. ಸ್ವೆಟರ್ ಹಾಕಿಕೊಂಡು ಜಗಲಿ ಅಂಚಿನಲ್ಲಿ ಸಾಲಾಗಿ ಕೂತು ಅವರೆಕಾಳು ಉಪ್ಪಿಟ್ಟು ತಿಂದದ್ದು ಆ ದಿನದ ಚೆಂದದ ಹೊತ್ತುಗಳಲ್ಲಿ ಒಂದು. ಡ್ರೈವರ್ ಬಂದಾಗ ಅವರ ಪಾಲಿನ ಉಪ್ಪಿಟ್ಟು ಇನ್ನೂ ಬಿಸಿ ಇತ್ತು.

ಬನ್ನೂರಿನ ಕಡೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಸಾಗಿದೆವು. ಸೋಮನಾಥಪುರದ ಗುಡಿಯಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋಗಬೇಕು. ಅದಕ್ಕೆಂದೇ ಎಲ್ಲರಿಗೂ ಒಂದೊಂದು ಜೊತೆ ಕಾಲುಚೀಲ ಕಟ್ಟಿದ್ದೆ. ಹಿಂದೊಮ್ಮೆ ಏಪ್ರಿಲ್‌ನಲ್ಲಿ ಬಂದು ಅಂಗಳದ ಕಲ್ಲಿನ ಮೇಲೆ ಕಾಲು ಸುಟ್ಟುಕೊಂಡಿದ್ದೆವು. ಈಗ ಜನವರಿ, ಅಷ್ಟು ಕಾಯುವುದಿಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು ಬರಿಗಾಲಲ್ಲಿ ನಡೆಯಬಾರದು. ಸಣ್ಣ ಕಲ್ಲು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದೂ ಇಲ್ಲ. ಮಾವನೊಬ್ಬರಿಗೇ ಹಾಕಿಕೊಳ್ಳಿ ಅಂದರೆ ಅವರಿಗೆ ಒಂಥರಾ ಆಗುತ್ತದೆ. ಎಲ್ಲರೂ ಹಾಕಿಕೊಂಡರೆ ಆ ಪ್ರಶ್ನೆಯೇ ಇಲ್ಲ.

ಮಕ್ಕಳಿಗೆ ಒಂದೊಂದು ಪೆನ್ಸಿಲ್, ಸಣ್ಣ ಪುಸ್ತಕ ತಂದಿದ್ದೆ. ಹೊಯ್ಸಳರ ಮೂರನೇ ನರಸಿಂಹನ ದಂಡನಾಯಕ ಸೋಮನಾಥ ಕಟ್ಟಿಸಿದ ಗುಡಿ, 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು ಅಂತ ಹೇಳಿದರೆ ಏಳು ವರ್ಷದ ಹುಡುಗ ಎಷ್ಟು ಹೊತ್ತು ಕೇಳುತ್ತಾನೆ? ಅವನಿಗೆ ಒಂದು ಕೆಲಸ ಕೊಟ್ಟೆ. ಗೋಡೆಯ ಬುಡದಲ್ಲಿ ಸುತ್ತಲೂ ಆನೆಗಳ ಸಾಲಿದೆ, ಅದರ ಮೇಲೆ ಕುದುರೆ ಸವಾರರು. ಎರಡು ಆನೆ ಒಂದೇ ಥರ ಇದ್ದರೆ ಹುಡುಕಿ ಕೊಡು ಅಂದೆ. ನನ್ನ ಮಗಳಿಗೆ, ಶಿಲ್ಪಗಳ ಕೆಳಗೆ ಹಳೇ ಕನ್ನಡದಲ್ಲಿ ಕೆತ್ತಿರುವ ಶಿಲ್ಪಿಗಳ ಹೆಸರು ಹುಡುಕುವ ಕೆಲಸ. ಮಲ್ಲಿತಮ್ಮ ಅನ್ನುವವನ ಹೆಸರು ಅಲ್ಲಿ ಎಷ್ಟೋ ಕಡೆ ಇದೆ. ಅವಳು ಅಕ್ಷರ ಅಕ್ಷರ ಕೂಡಿಸಿ ಒಂದು ಕಡೆ "ಮಲ್ಲಿ" ಅಂತ ಓದಿ, ಗುಡಿಯ ಇನ್ನೊಂದು ಮೂಲೆಯಲ್ಲಿದ್ದ ನಮ್ಮನ್ನೆಲ್ಲ ಕರೆದಳು. ಅತ್ತೆ ಅಲ್ಲಿಯವರೆಗೂ ನಡೆದು ಬಂದು ನೋಡಿದರು. ಮಡಚುವ ಕುರ್ಚಿಯನ್ನು ಹೊತ್ತು ಇವರು ಹಿಂದೆಯೇ ಇದ್ದರು.

ತಲಕಾಡು ಸೇರಿದಾಗ ಹನ್ನೆರಡು ಮುಕ್ಕಾಲು. ಮೈದುನ "ಅತ್ತಿಗೆ, ಪಾತಾಳೇಶ್ವರ ನೋಡಿಕೊಂಡೇ ಊಟ ಮಾಡೋಣ, ಅರ್ಧ ಗಂಟೆ" ಅಂದ. ನಾನು ಮಾವನ ಕಡೆ ನೋಡಿದೆ. ಅವನಿಗೂ ನೆನಪಾಯಿತು. ಏನೂ ಮಾತಾಡದೆ ಹೋಗಿ ಟಾರ್ಪಾಲು ಇಳಿಸಿದ. ಹೊಳೆಯ ಹತ್ತಿರ ಮರದ ನೆರಳಲ್ಲಿ ಸರಿಯಾಗಿ ಒಂದು ಗಂಟೆಗೆ ಬಡಿಸಲು ಶುರು ಮಾಡಿದೆವು.

ಊಟ ಮಾಡುತ್ತಾ ಅತ್ತೆ ಮಕ್ಕಳಿಗೆ ಅಲಮೇಲಮ್ಮನ ಶಾಪದ ಕಥೆ ಹೇಳಿದರು. ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಅಂತ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದ ಮೇಲಿನ ಕಥೆ ಅದು. ನನ್ನ ಮಗ "ಅಜ್ಜಿ, ಮರಳು ಗಾಳಿಗೆ ಬರುತ್ತಲ್ವಾ?" ಅಂದ. ಹೊಳೆ ಇಲ್ಲಿ ತಿರುಗುತ್ತದೆ, ಬೇಸಿಗೆಯಲ್ಲಿ ಒಣಗಿದ ಮರಳನ್ನು ಗಾಳಿ ಊರ ಮೇಲೆ ತಂದು ಹಾಕುತ್ತದೆ ಅಂತ ಮಾವ ವಿವರಿಸಿದರು. ಅತ್ತೆ ಒಪ್ಪಲಿಲ್ಲ. "ಗಾಳಿಯನ್ನು ಕಳಿಸಿದ್ದು ಯಾರು?" ಅಂತ ಕೇಳಿದರು. ಆ ವಾದ ಮೊಸರನ್ನದವರೆಗೂ ನಡೆಯಿತು. ಮೊಸರನ್ನ ಹದವಾಗಿ ಹೆಪ್ಪಾಗಿತ್ತು.

ಹೊಳೆಯ ವಿಚಾರದಲ್ಲಿ ನಾನು ಗಟ್ಟಿ. ತಲಕಾಡಿನಲ್ಲಿ ಮೇಲಿಂದ ನೋಡಿದರೆ ಮಂಡಿಯುದ್ದದ ತಿಳಿನೀರು. ಎರಡು ಹೆಜ್ಜೆ ಮುಂದೆ ಇಟ್ಟರೆ ಗುಂಡಿ, ಸುಳಿ. ಈಜು ಬರುವವರೇ ಇಲ್ಲಿ ಜೀವ ಕಳೆದುಕೊಂಡಿದ್ದಾರೆ. ಮನೆಯಿಂದ ಹೊರಡುವ ಮುಂಚೆಯೇ ಎಲ್ಲರೆದುರು ಮಾತಾಗಿತ್ತು. ಪಾದ ನೆನೆಯುವಷ್ಟು ಮಾತ್ರ. ದಡದಲ್ಲಿ ದೊಡ್ಡವರೊಬ್ಬರು ನೀರಿಗಿಳಿಯದೆ, ಫೋನ್ ಹಿಡಿಯದೆ ನಿಂತಿರಬೇಕು, ಅರ್ಧ ಗಂಟೆಗೊಬ್ಬರು. ಕೊರಳಲ್ಲಿ ಸೀಟಿ. ನೀರು ನೋಡಿದ ಮೇಲೆ ಮಕ್ಕಳಿಗೆ ನಿಯಮ ಹೇಳಲು ಹೋದರೆ ಕಿವಿಗೆ ಬೀಳುವುದಿಲ್ಲ. ನೀರಿಂದ ಬಂದ ಮಕ್ಕಳ ಕಾಲು ಒರೆಸಿ ಒಣಗಿಸಿ ಪೌಡರ್ ಉದುರಿಸಿ ಉಜ್ಜಿದರೆ ಅಂಟಿದ ಮರಳೆಲ್ಲ ಉದುರುತ್ತದೆ. ಇದನ್ನು ನಾದಿನಿ ತೋರಿಸಿಕೊಟ್ಟಳು, ಇನ್ನು ಪೌಡರ್ ಡಬ್ಬಿ ಎಡಗಡೆ ಹಾಳೆಗೆ ಕಾಯಂ.

ಮನೆ ಸೇರಿದಾಗ ಏಳೂವರೆ. ಮಕ್ಕಳು ಮಲಗಿದ ಮೇಲೆ ಪುಸ್ತಕ ತೆಗೆದೆ. ಚಪಾತಿ ಎಂಟು ವಾಪಸ್. ಪುಳಿಯೋಗರೆ ಒಂದು ಹಿಡಿ ಮಾತ್ರ. ಕೋಸಂಬರಿ ಸಾಲಲಿಲ್ಲ. ನೀರು ಸರಿಹೋಯಿತು. ಮಗುವಿಗೆ ಬಿಸಿಲಿನ ಟೋಪಿ ಇತ್ತು, ಸಂಜೆಯ ಗಾಳಿಗೆ ಕಿವಿ ಮುಚ್ಚುವ ಟೋಪಿ ಇರಲಿಲ್ಲ, ಅತ್ತೆಯ ಶಾಲು ಸುತ್ತಿದೆವು.

ಅತ್ತೆ ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನಾನು ಬರೆಯುವುದನ್ನೇ ನೋಡುತ್ತಿದ್ದರು.

"ಕುರ್ಚಿ ಹೆಂಗಿತ್ತು ಅತ್ತೆ?" ಅಂತ ಕೇಳಿದೆ.

"ಚೆನ್ನಾಗಿತ್ತಮ್ಮ." ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಾನೊಬ್ಬಳೇ ಮೇಲೆ, ನೀವೆಲ್ಲ ಕೆಳಗೆ. ಮಾತಾಡೋಕೆ ಬಗ್ಗಬೇಕು. ನಿಮ್ಮ ಮಾವನೂ ಪಕ್ಕದಲ್ಲಿ ಕೂತಿದ್ದರೆ ಆಗಿತ್ತು."

ಬಲಗಡೆ ಹಾಳೆಯ ಕೊನೆಯ ಸಾಲಿನಲ್ಲಿ ಬರೆದೆ: ಕುರ್ಚಿ, ಎರಡು.